ಕಿರು ಎಸ್‌ಯುವಿ ವಾಹನಗಳ ಪಾಲನೆ ಮತ್ತು ಸಾಮಾನ್ಯ ದೋಷಗಳು: ಹೈದರಾಬಾದ್ ನಗರದ ಸಂದರ್ಭದಲ್ಲಿ

ನೋಟಕ್ಕೆ ಜೀಪಿನಂತೆ ಎತ್ತರವಾಗಿದ್ದು, ಉದ್ದದಲ್ಲಿ ಮಾತ್ರ ಸಣ್ಣ ಕಾರಿನ ಮಿತಿಯೊಳಗೆ ಉಳಿದಿರುವ ಕಾಂಪ್ಯಾಕ್ಟ್ ಎಸ್‌ಯುವಿ ಎಂಬ ವಾಹನವು ಇಂದು ನಮ್ಮ ನಗರಗಳ ರಸ್ತೆಗಳ ಮೇಲೆ ಬಹು ಸಂಖ್ಯೆಯಲ್ಲಿ ಕಂಡುಬರುತ್ತದೆ. ಇದರ ಉಗಮಕ್ಕೆ ತೆರಿಗೆಯ ನಿಯಮವೂ ಒಂದು ಕಾರಣ. 2006ರ ಕೇಂದ್ರ ಮುಂಗಡಪತ್ರದಲ್ಲಿ 4 ಮೀಟರ್ ಮೀರದ ಉದ್ದವುಳ್ಳ ಮತ್ತು ಪೆಟ್ರೋಲ್ ಆದರೆ 1200 ಸಿ.ಸಿ., ಡೀಸೆಲ್ ಆದರೆ 1500 ಸಿ.ಸಿ. ಮೀರದ ಎಂಜಿನ್ನುಳ್ಳ ಕಾರುಗಳಿಗೆ ಅಬಕಾರಿ ಸುಂಕವನ್ನು ಕಡಿಮೆ ಮಾಡಲಾಯಿತು. ಎತ್ತರದ ವಾಹನವನ್ನೂ ಈ ಅಳತೆಯೊಳಗೆ ಕೂರಿಸುವ ಪ್ರಯತ್ನದ ಫಲವಾಗಿ 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್, 2016ರಲ್ಲಿ ಮಾರುತಿ ವಿಟಾರಾ ಬ್ರೆಝಾ, 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ಹ್ಯುಂಡೈ ವೆನ್ಯೂ ಮಾರುಕಟ್ಟೆಗೆ ಬಂದವು. 2020ರಲ್ಲಿ ಬಂದ ಕಿಯಾ ಸೋನೆಟ್ ತಯಾರಾಗುವುದು ಕರ್ನಾಟಕದ ಗಡಿಗೆ ಸಮೀಪದಲ್ಲಿರುವ, ವಿಜಯನಗರದ ಅರಸರ ಕಾಲದಿಂದ ಹೆಸರಾದ ಪೆನುಕೊಂಡದ ಬಳಿಯಲ್ಲಿ. 2025ರ ಸೆಪ್ಟೆಂಬರ್ 22ರಿಂದ ಇದೇ ಅಳತೆಯ ವಾಹನಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇಕಡಾ 18ಕ್ಕೆ ಇಳಿಸಲಾಗಿದೆ.

ಈ ಹಿನ್ನೆಲೆಯನ್ನು ಇಲ್ಲಿ ಹೇಳಲು ಕಾರಣವಿದೆ. ಹೆಸರು ಏನೇ ಇರಲಿ, ಇಂತಹ ವಾಹನಗಳಲ್ಲಿ ಬಹುತೇಕ ಎಲ್ಲವೂ ಸಣ್ಣ ಕಾರಿನ ತಳಹದಿಯ ಮೇಲೆಯೇ ನಿರ್ಮಿತವಾದವುಗಳು. ಎಂಜಿನ್ನಿನ ಶಕ್ತಿಯು ಮುಂದಿನ ಎರಡು ಚಕ್ರಗಳಿಗೆ ಮಾತ್ರ ದೊರೆಯುತ್ತದೆ. ನೆಲದಿಂದ ವಾಹನದ ತಳಕ್ಕೆ ಇರುವ ಅಂತರ ಸಾಮಾನ್ಯವಾಗಿ 190ರಿಂದ 210 ಮಿಲಿಮೀಟರ್. ಅಂದರೆ ಒಂದು ಗೇಣಿಗಿಂತ ಹೆಚ್ಚೇನೂ ಇಲ್ಲ. ಅದೂ ವಾಹನವು ಖಾಲಿ ಇರುವಾಗಿನ ಅಳತೆ. ಐದು ಜನರು ಕುಳಿತು ಹಿಂಬದಿಯಲ್ಲಿ ಸಾಮಾನು ತುಂಬಿದ ಮೇಲೆ ಅದು ಇನ್ನಷ್ಟು ತಗ್ಗುತ್ತದೆ. ಎತ್ತರದ ಆಸನದಲ್ಲಿ ಕುಳಿತವರಿಗೆ ತಮ್ಮ ವಾಹನವು ಯಾವ ದಾರಿಗೂ ಯಾವ ನೀರಿಗೂ ಅಂಜಬೇಕಾಗಿಲ್ಲವೆಂಬ ಭಾವನೆ ಮೂಡುವುದು ಸಹಜ. ಇದರ ಮಾಲೀಕರು ಅನುಭವಿಸುವ ನಷ್ಟಗಳಲ್ಲಿ ಅನೇಕವು ಈ ಭಾವನೆಯಿಂದಲೇ ಹುಟ್ಟುತ್ತವೆ.

ಹೈದರಾಬಾದ್ ನಗರಕ್ಕೂ ಕನ್ನಡಿಗರಿಗೂ ಇರುವ ನಂಟು ಹಳೆಯದು. ಬೀದರ್, ಕಲಬುರಗಿ ಮತ್ತು ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ಸಂಸ್ಥಾನದ ಹಾಗೂ ಆ ಬಳಿಕದ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ಉದ್ಯೋಗ, ವ್ಯಾಪಾರ, ವೈದ್ಯೋಪಚಾರಗಳಿಗಾಗಿ ಆ ಭಾಗದ ಜನರು ಇಂದಿಗೂ ಈ ನಗರವನ್ನು ಅವಲಂಬಿಸಿದ್ದಾರೆ. ಅಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರ ವಾಹನವು ವಾರದ ಐದು ದಿನ ಮಾದಾಪುರ, ಗಚ್ಚಿಬೌಲಿ, ಅಮೀರ್‌ಪೇಟೆಗಳ ದಟ್ಟಣೆಯಲ್ಲಿ ತೆವಳುತ್ತದೆ. ಶನಿವಾರ ಜಹೀರಾಬಾದಿನ ಮಾರ್ಗವಾಗಿ ಬೀದರಿಗೋ ಹುಮನಾಬಾದಿಗೋ ವೇಗವಾಗಿ ಓಡುತ್ತದೆ. ಒಂದೇ ವಾಹನ ನಡೆಸುವ ಈ ಎರಡು ಬಗೆಯ ಬಾಳನ್ನು ಅರಿಯದೆ ಅದರ ಪಾಲನೆಯನ್ನು ಸರಿಯಾಗಿ ನಿರ್ಧರಿಸಲಾಗದು.

ಕಿಲೋಮೀಟರ್ ಲೆಕ್ಕದ ಮಿತಿ

ತಯಾರಕರು ವಾಹನದೊಂದಿಗೆ ನೀಡುವ ಕೈಪಿಡಿಯಲ್ಲಿ ಎಂಜಿನ್ನಿನ ಕೀಲೆಣ್ಣೆಯನ್ನು, ಅಂದರೆ ಎಂಜಿನ್ ಆಯಿಲನ್ನು, 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಆಗ ಬದಲಾಯಿಸಬೇಕೆಂದು ಸಾಮಾನ್ಯವಾಗಿ ಸೂಚಿಸಿರಲಾಗುತ್ತದೆ. ಅನೇಕರು ಇದರಲ್ಲಿನ ಮೊದಲ ಅಂಕೆಯನ್ನಷ್ಟೇ ನೆನಪಿನಲ್ಲಿಡುತ್ತಾರೆ. ಆದರೆ ಕಿಲೋಮೀಟರ್ ಎಣಿಸುವ ಯಂತ್ರವು ಚಕ್ರ ತಿರುಗಿದ್ದನ್ನು ಎಣಿಸುತ್ತದೆಯೇ ಹೊರತು ಎಂಜಿನ್ ದುಡಿದದ್ದನ್ನಲ್ಲ. ಗಂಟೆಗೆ ಸರಾಸರಿ 60 ಕಿಲೋಮೀಟರ್ ವೇಗದಲ್ಲಿ ಹೆದ್ದಾರಿಯಲ್ಲಿ ಓಡಿದ ವಾಹನದ ಎಂಜಿನ್ 10,000 ಕಿಲೋಮೀಟರ್ ಪೂರೈಸಲು ಸುಮಾರು 167 ಗಂಟೆ ದುಡಿದಿರುತ್ತದೆ. ನಗರದ ದಟ್ಟಣೆಯಲ್ಲಿ ಸರಾಸರಿ 20 ಕಿಲೋಮೀಟರ್ ವೇಗದಲ್ಲಿ ಸಾಗಿದ ವಾಹನಕ್ಕೆ ಅಷ್ಟೇ ದೂರ ಕ್ರಮಿಸಲು 500 ಗಂಟೆ ಬೇಕು. ಮೀಟರಿನ ಅಂಕೆ ಒಂದೇ ಆದರೂ ದುಡಿಮೆ ಮೂರು ಪಟ್ಟು. ಈ ಗಂಟೆಗಳಲ್ಲಿ ಒಂದು ಪಾಲನ್ನು ವಾಹನವು ಸಿಗ್ನಲಿನಲ್ಲಿ ನಿಂತು, ಬೇಸಿಗೆಯಲ್ಲಾದರೆ 40 ಡಿಗ್ರಿ ಸೆಲ್ಷಿಯಸ್ ಮುಟ್ಟುವ ಬಿಸಿಲಿನಲ್ಲಿ, ಹವಾನಿಯಂತ್ರಣದ ಹೊರೆಯನ್ನೂ ಹೊತ್ತು ಕಳೆದಿರುತ್ತದೆ.

ಕೈಪಿಡಿಯನ್ನು ಬರೆದವರು ಇದನ್ನು ಅರಿಯದವರಲ್ಲ. ಬಹುಪಾಲು ಕೈಪಿಡಿಗಳ ಕೊನೆಯ ಪುಟಗಳಲ್ಲಿ 'ಕಠಿಣ ಬಳಕೆ' ಎಂಬ ಅರ್ಥದ ತಲೆಬರಹದಡಿ ಮತ್ತೊಂದು ಪಟ್ಟಿ ಇರುತ್ತದೆ. ಪದೇಪದೇ ಕಿರುದೂರದ ಸಂಚಾರ, ದೂಳಿನ ದಾರಿ, ಅತಿಯಾದ ಉಷ್ಣತೆಯಲ್ಲಿ ದಟ್ಟಣೆಯ ನಡುವಣ ಸಂಚಾರ, ದೀರ್ಘಕಾಲ ನಿಂತಲ್ಲೇ ಎಂಜಿನ್ ಚಾಲನೆ ಇವು ಕಠಿಣ ಬಳಕೆಯ ಲಕ್ಷಣಗಳು. ಇವುಗಳಲ್ಲಿ ಒಂದಾದರೂ ಅನ್ವಯವಾದರೆ ಕೀಲೆಣ್ಣೆ ಮತ್ತು ಸೋಸುಕಗಳನ್ನು ಹೆಚ್ಚು ಬೇಗ, ಹಲವು ವೇಳೆ ಅರ್ಧದಷ್ಟು ಅವಧಿಗೇ, ಬದಲಾಯಿಸಬೇಕೆಂದು ಅಲ್ಲಿ ಹೇಳಿರಲಾಗುತ್ತದೆ. ಹೈದರಾಬಾದಿನ ಸಾಮಾನ್ಯ ಮಾಲೀಕನಿಗೆ ಇವುಗಳಲ್ಲಿ ಎರಡು ಮೂರಾದರೂ ಅನ್ವಯವಾಗುತ್ತವೆ. ಓದದೆ ಉಳಿಯುವ ಆ ಪುಟವೇ ಅವನಿಗೆ ಸಂಬಂಧಿಸಿದ ಪುಟ.

ಕೀಲೆಣ್ಣೆಯ ಮಟ್ಟವನ್ನು ತಿಂಗಳಿಗೊಮ್ಮೆ ನೋಡಿಕೊಳ್ಳುವುದು ಮಾಲೀಕನೇ ಮಾಡಬಹುದಾದ ಕೆಲಸ. ಸಮತಟ್ಟಾದ ನೆಲದಲ್ಲಿ ವಾಹನವನ್ನು ನಿಲ್ಲಿಸಿ, ಎಂಜಿನ್ ಆರಿಸಿದ ಕೆಲವು ನಿಮಿಷಗಳ ನಂತರ ಅಳತೆಗೋಲನ್ನು ಒರೆಸಿ ಅದ್ದಿ ನೋಡಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಬಣ್ಣ ಕಪ್ಪಾದ ಮಾತ್ರಕ್ಕೆ ಎಣ್ಣೆ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಅದು ಬದಲಾಯಿಸಿದ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಹಾಲುಬೆರೆತ ಚಹಾದಂತೆ ಕಂಡರೆ ಮಾತ್ರ ಅದಕ್ಕೆ ನೀರು ಸೇರಿದೆ ಎಂದರ್ಥ. ಅಂತಹ ಸ್ಥಿತಿಯಲ್ಲಿ ವಾಹನವನ್ನು ಚಾಲೂ ಮಾಡಬಾರದು. ಇತ್ತೀಚಿನ ಸಣ್ಣ ಟರ್ಬೊ ಎಂಜಿನ್ನುಗಳಿಗೆ ತೆಳುವಾದ ಸಂಶ್ಲೇಷಿತ ಎಣ್ಣೆಯನ್ನೇ ನಿಗದಿಪಡಿಸಲಾಗಿದೆ. 'ನಮ್ಮ ಸೆಕೆಗೆ ಗಟ್ಟಿ ಎಣ್ಣೆಯೇ ಮೇಲು' ಎಂಬ ಹಳೆಯ ಮೆಕ್ಯಾನಿಕರ ಮಾತು ಅಂಬಾಸಿಡರ್ ಕಾರಿನ ಕಾಲಕ್ಕೆ ನಿಜವಿದ್ದಿರಬಹುದು. ಇಂದು ಕೈಪಿಡಿಯಲ್ಲಿ ನಮೂದಿಸಿದ ದರ್ಜೆಯನ್ನೇ ಬಳಸತಕ್ಕದ್ದು.

ಡೀಸೆಲ್ ವಾಹನಗಳ ಒಂದು ವಿಶೇಷ ತೊಂದರೆ

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್ 6 ಮಾನಕಗಳು ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಸೋಸುಕವು ಅನಿವಾರ್ಯವಾಯಿತು. ಡಿಪಿಎಫ್ ಎಂದು ಕರೆಯಲಾಗುವ ಇದು ಜೇನುಗೂಡಿನಂತಹ ರಚನೆಯುಳ್ಳದ್ದು. ಅದರಲ್ಲಿ ಸಂಗ್ರಹವಾದ ಮಸಿಯನ್ನು ವಾಹನವು ಆಗಾಗ್ಗೆ ತಾನೇ ಸುಟ್ಟುಹಾಕುತ್ತದೆ. ಇದಕ್ಕೆ ಸುಮಾರು 600 ಡಿಗ್ರಿ ಉಷ್ಣತೆ ಬೇಕು. ಅಷ್ಟು ಶಾಖವನ್ನು ಉಳಿಸಿಕೊಳ್ಳಲು ವಾಹನವು ಹದಿನೈದು ಇಪ್ಪತ್ತು ನಿಮಿಷಗಳ ಕಾಲ ಸಮವೇಗದಲ್ಲಿ ಓಡುವುದು ಅಪೇಕ್ಷಣೀಯ.

ದಿನವೂ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ವಾಹನಕ್ಕೆ ಈ ಅವಕಾಶ ದೊರೆಯುವುದಿಲ್ಲ. ಸುಡುವ ಕ್ರಿಯೆ ಆರಂಭವಾಗಿ ಅರ್ಧದಲ್ಲೇ ಮನೆ ಸಿಗುತ್ತದೆ, ಎಂಜಿನ್ ಆರುತ್ತದೆ. ಹೀಗೆ ಪದೇಪದೇ ಆದಾಗ ಮಸಿ ಕಟ್ಟಿಕೊಳ್ಳುವುದಲ್ಲದೆ, ಶಾಖಕ್ಕಾಗಿ ಹೆಚ್ಚುವರಿಯಾಗಿ ಚಿಮ್ಮಿಸಿದ ಡೀಸೆಲಿನ ಒಂದಂಶ ಕೀಲೆಣ್ಣೆಗೆ ಇಳಿಯುತ್ತದೆ. ಆಗ ಅಳತೆಗೋಲಿನಲ್ಲಿ ಎಣ್ಣೆಯ ಮಟ್ಟವು ಏರುತ್ತಾ ಹೋಗುವುದು ಕಂಡುಬರುತ್ತದೆ. ಎಣ್ಣೆ ಕಡಿಮೆಯಾದರೆ ಗಾಬರಿಯಾಗುವವರು ಹೆಚ್ಚಾದಾಗ ಸಮಾಧಾನಪಡುತ್ತಾರೆ. ವಾಸ್ತವದಲ್ಲಿ ಎರಡನೆಯದೂ ಅಷ್ಟೇ ಅಪಾಯಕಾರಿ. ಡೀಸೆಲ್ ಬೆರೆತ ಎಣ್ಣೆಗೆ ಲೋಹವನ್ನು ಸವೆತದಿಂದ ಕಾಪಾಡುವ ಶಕ್ತಿ ಇರುವುದಿಲ್ಲ.

ಸೋಸುಕದ ದೀಪ ಹಳದಿಯಾಗಿ ಬೆಳಗಿದಾಗ ಹೈದರಾಬಾದಿನವರಿಗೆ ಪರಿಹಾರ ದೂರದಲ್ಲಿಲ್ಲ. ನಗರವನ್ನು ಸುತ್ತುವರಿದ 158 ಕಿಲೋಮೀಟರ್ ಉದ್ದದ ಹೊರವರ್ತುಲ ರಸ್ತೆಯಲ್ಲಿ, ವೇಗಮಿತಿಯೊಳಗೆ, ಅರ್ಧ ಗಂಟೆ ತಡೆಯಿಲ್ಲದೆ ಓಡಿಸಿದರೆ ಸಾಮಾನ್ಯವಾಗಿ ದೀಪ ಆರುತ್ತದೆ. ದೀಪವನ್ನು ವಾರಗಟ್ಟಲೆ ಅಲಕ್ಷಿಸಿದರೆ ಮಾತ್ರ ಕಾರ್ಯಾಗಾರಕ್ಕೆ ಹೋಗಲೇಬೇಕಾಗುತ್ತದೆ. ಸೋಸುಕವನ್ನೇ ಕಿತ್ತುಹಾಕಿಸುವ ಸಲಹೆಯನ್ನು ಕೆಲವರು ಕೊಡುವುದುಂಟು. ಅದು ಕಾನೂನಿಗೆ ವಿರುದ್ಧ ಮತ್ತು ನೆರೆಹೊರೆಯವರ ಶ್ವಾಸಕೋಶಕ್ಕೆ ಬಗೆಯುವ ದ್ರೋಹ. ದಿನದ ಸಂಚಾರ ತೀರ ಕಡಿಮೆ ಇರುವವರು ಡೀಸೆಲ್ ವಾಹನವನ್ನು ಕೊಳ್ಳದಿರುವುದೇ ಲೇಸು.

ಪೆಟ್ರೋಲ್ ವಾಹನದವರ ಚಿಂತೆ ಬೇರೆ. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ವಿತರಣೆಯು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಗೊಂಡು ಈಗ ದೇಶದಾದ್ಯಂತ ವ್ಯಾಪಿಸಿದೆ. ಸಮಾನ ಅಳತೆಯ ಪೆಟ್ರೋಲಿಗೆ ಹೋಲಿಸಿದರೆ ಎಥನಾಲಿನಲ್ಲಿರುವ ಶಕ್ತಿ ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆ. ಆದುದರಿಂದ ಲೀಟರಿಗೆ ದೊರೆಯುವ ದೂರದಲ್ಲಿ ಸ್ವಲ್ಪ ಇಳಿಕೆ ಕಂಡುಬಂದರೆ ಅದನ್ನು ಎಂಜಿನ್ನಿನ ದೋಷವೆಂದು ತಿಳಿಯಬಾರದು. 2023ಕ್ಕಿಂತ ಹಳೆಯ ವಾಹನಗಳಲ್ಲಿ ಇಂಧನ ಸಾಗುವ ರಬ್ಬರ್ ಕೊಳವೆಗಳನ್ನೂ ಬಿರಡೆಗಳನ್ನೂ ಪ್ರತಿ ಸರ್ವಿಸಿನಲ್ಲಿ ಪರೀಕ್ಷಿಸಿ ನೋಡುವಂತೆ ಕೇಳುವುದು ಯುಕ್ತ. ಎಥನಾಲಿಗೆ ತೇವವನ್ನು ಹೀರುವ ಗುಣವಿರುವುದರಿಂದ ಅರ್ಧ ಖಾಲಿಯಾದ ಟ್ಯಾಂಕಿನೊಡನೆ ವಾಹನವನ್ನು ತಿಂಗಳುಗಟ್ಟಲೆ ನಿಲ್ಲಿಸಿಡುವುದು ಒಳ್ಳೆಯದಲ್ಲ.

ಬಿಸಿಲು, ದೂಳು ಮತ್ತು ಉಬ್ಬುತಗ್ಗುಗಳು

ಎಂಜಿನ್ನನ್ನು ತಂಪಾಗಿಡುವ ಶೀತಕ ದ್ರವಕ್ಕೆ ಬೋರ್‌ವೆಲ್ ನೀರನ್ನು ಬೆರೆಸುವ ಅಭ್ಯಾಸವು ಇಂದಿಗೂ ಉಳಿದಿದೆ. ದಖ್ಖನಿನ ಬಂಡೆಗಳ ಬಿರುಕುಗಳಿಂದ ಬರುವ ಈ ನೀರು ಬಹುತೇಕ ಗಡಸು. ಅದರ ಲವಣಗಳು ಪಾತ್ರೆಯ ತಳದಲ್ಲಿ ಕಟ್ಟುವಂತೆಯೇ ರೇಡಿಯೇಟರಿನ ಸೂಕ್ಷ್ಮ ನಾಳಗಳಲ್ಲೂ ಕಟ್ಟಿಕೊಳ್ಳುತ್ತವೆ. ನಿಗದಿತ ಶೀತಕವನ್ನೇ, ಬೆರೆಸಬೇಕಾದಲ್ಲಿ ಖನಿಜರಹಿತ ನೀರಿನೊಡನೆ, ಬಳಸಬೇಕು. ಉಷ್ಣತೆಯ ಕೆಂಪು ದೀಪ ಬೆಳಗಿದೊಡನೆ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಬಿಸಿಯಾಗಿರುವಾಗ ಮುಚ್ಚಳವನ್ನು ತೆರೆಯುವುದು ಅತ್ಯಂತ ಅಪಾಯಕರ. ಒತ್ತಡದಲ್ಲಿರುವ ದ್ರವವು ಹೊರಚಿಮ್ಮಿ ಮುಖ ಕೈಗಳನ್ನು ಸುಡುತ್ತದೆ.

ಬ್ಯಾಟರಿಯನ್ನು ಕೆಡಿಸುವುದು ಚಳಿ ಎಂಬ ನಂಬಿಕೆ ಶೀತಪ್ರದೇಶಗಳಿಂದ ಬಂದುದು. ನಮ್ಮಲ್ಲಿ ಅದನ್ನು ಕೆಡಿಸುವುದು ಬೇಸಿಗೆ. ಮೂರು ನಾಲ್ಕು ವರ್ಷ ಬಾಳಿದ ಬ್ಯಾಟರಿಯನ್ನು ಬೇಸಿಗೆಗೆ ಮುನ್ನ ಪರೀಕ್ಷೆ ಮಾಡಿಸಬೇಕು. ಸಿಗ್ನಲಿನಲ್ಲಿ ತಾನಾಗಿ ಆರಿ ತಾನಾಗಿ ಚಾಲೂ ಆಗುವ ಎಂಜಿನ್ನುಳ್ಳ ವಾಹನಗಳಿಗೆ ವಿಶೇಷ ಬಗೆಯ ಬ್ಯಾಟರಿ ಬೇಕು. ಅಗ್ಗವೆಂದು ಸಾಧಾರಣ ಬ್ಯಾಟರಿಯನ್ನು ಹಾಕಿಸಿದರೆ ಅದು ಬಹಳ ಕಾಲ ಬಾಳದು.

ಟೈರುಗಳ ಗಾಳಿಯನ್ನು ಹದಿನೈದು ದಿನಗಳಿಗೊಮ್ಮೆ, ವಾಹನ ಓಡುವ ಮೊದಲೇ ಪರೀಕ್ಷಿಸಬೇಕು. ಸರಿಯಾದ ಒತ್ತಡದ ಅಂಕೆಯು ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಮುದ್ರಿತವಾಗಿರುತ್ತದೆ. ಪೂರ್ಣ ಹೊರೆಗೆ ಬೇರೆ ಅಂಕೆ ಇರುವುದನ್ನೂ ಗಮನಿಸಬೇಕು. ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆಂದು ಕಡಿಮೆ ತುಂಬಿಸುವವರಿದ್ದಾರೆ. ಇದು ತಪ್ಪು. ಗಾಳಿ ಕಡಿಮೆಯಿದ್ದ ಟೈರಿನ ಪಕ್ಕೆಗಳು ಹೆಚ್ಚು ಬಾಗಿ ಹೆಚ್ಚು ಕಾಯುತ್ತವೆ. ಮೇ ತಿಂಗಳ ಮಧ್ಯಾಹ್ನ ಹೆದ್ದಾರಿಗಳಲ್ಲಿ ಟೈರು ಸಿಡಿಯಲು ಇದೂ ಒಂದು ಮುಖ್ಯ ಕಾರಣ. ಅಚ್ಚಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದ ಟೈರನ್ನು ಬಳಸಲು ನಿಯಮದಲ್ಲಿ ಅವಕಾಶವಿಲ್ಲ. ನೈಟ್ರೋಜನ್ನಿಗೆ ಪ್ರತ್ಯೇಕ ಹಣ ತೆರುವವರು, ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇಕಡಾ 78ರಷ್ಟು ಇದೆ ಎಂಬುದನ್ನು ನೆನೆಯಬಹುದು.

ಈ ಬಗೆಯ ವಾಹನಗಳಲ್ಲಿ ಅತಿ ಹೆಚ್ಚು ಕೇಳಿಬರುವ ದೂರೆಂದರೆ ಮುಂಬದಿಯ ಚಕ್ರಗಳ ಕಡೆಯಿಂದ ಬರುವ ಕಟಕಟ ಸದ್ದು. ವೇಗತಡೆಗಳ ಮೇಲೆ ನಿಧಾನಿಸದೆ ಹಾಯುವುದೇ ಇದಕ್ಕೆ ಸಾಮಾನ್ಯ ಕಾರಣ. ಬಹು ಸಂದರ್ಭಗಳಲ್ಲಿ ಸವೆದಿರುವುದು ಸ್ಟೆಬಿಲೈಸರ್ ಲಿಂಕ್ ಎಂಬ ಸಣ್ಣ ಕಡ್ಡಿ ಅಥವಾ ರಬ್ಬರ್ ಬುಷ್. ಇವುಗಳ ಬೆಲೆ ಹೆಚ್ಚೇನಲ್ಲ. ಕಾರಣವನ್ನು ಪತ್ತೆಹಚ್ಚದೆ ಇಡೀ ಷಾಕ್ ಅಬ್ಸಾರ್ಬರ್ ಜೋಡಿಯನ್ನೇ ಬದಲಾಯಿಸಲು ಒಪ್ಪಬಾರದು.

ದಟ್ಟಣೆಯಲ್ಲಿ ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸ ಕ್ಲಚ್ಚಿನ ಆಯುಸ್ಸನ್ನು ಗಣನೀಯವಾಗಿ ಕುಗ್ಗಿಸುತ್ತದೆ. ತಾನಾಗಿ ಗೇರ್ ಬದಲಾಗುವ ವಾಹನಗಳಲ್ಲಿ ಪೆಡಲ್ ಇಲ್ಲವಾದರೂ, ಕೆಲವು ಬಗೆಗಳಲ್ಲಿ ಒಳಗೆ ಕ್ಲಚ್ ಇದ್ದೇ ಇದೆ. ಬಂಜಾರಾ ಹಿಲ್ಸಿನ ಏರುಗಳಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರಿನಿಂದಲೇ ವಾಹನವನ್ನು ತಡೆದು ನಿಲ್ಲಿಸಿದರೆ ಅದು ಕಾಯ್ದು ಎಚ್ಚರಿಕೆಯ ದೀಪ ಬೆಳಗುತ್ತದೆ. ಬ್ರೇಕಿನ ದ್ರವವು ವಾತಾವರಣದ ತೇವವನ್ನು ಹೀರುವುದರಿಂದ, ವಾಹನ ಎಷ್ಟೇ ಕಡಿಮೆ ಓಡಿರಲಿ, ಎರಡು ವರ್ಷಗಳಿಗೊಮ್ಮೆ ಬದಲಾಯಿಸಬೇಕು. ಕಾರ್ಯಾಗಾರಗಳು ಆಗ್ರಹಪೂರ್ವಕವಾಗಿ ಸೂಚಿಸುವ ಎಂಜಿನ್ ತೊಳೆತ, ಒಳಾಂಗಣ ಲೇಪನ ಮುಂತಾದವುಗಳಿಗಿಂತ ಯಾರೂ ನೆನಪಿಸದ ಈ ಕೆಲಸ ಹೆಚ್ಚು ಅಗತ್ಯ.

ಬಿಡಿಭಾಗಗಳನ್ನು ರಾಣಿಗಂಜ್ ಅಥವಾ ಆಟೋನಗರದ ಅಂಗಡಿಗಳಲ್ಲಿ ಕೊಳ್ಳುವವರು ರಶೀದಿಯನ್ನು ತಪ್ಪದೆ ಪಡೆಯಬೇಕು. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ನೋಡಬೇಕು. ತಯಾರಿಕೆ ನಿಂತ ಮಾದರಿಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಉದಾಹರಣೆಗೆ, ಭಾರತದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ ಫೋರ್ಡ್ ಸಂಸ್ಥೆ 2021ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಆದರೆ ಅದರ ವಾಹನಗಳು ರಸ್ತೆಯ ಮೇಲೆ ಇನ್ನೂ ಓಡುತ್ತಿವೆ. ಸೇವೆಯಲ್ಲಿ ಲೋಪವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಸಲ್ಲಿಸಬಹುದು.

ನೀರು ನುಗ್ಗಿದಾಗ

1908ರ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಬಂದ ಮಹಾಪೂರವು ಹೈದರಾಬಾದಿನಲ್ಲಿ ಸಹಸ್ರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮರ ಸರ್ಕಾರವು ನೆರೆ ನಿಯಂತ್ರಣದ ಸಲಹೆಗಾಗಿ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ನದಿಯ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಬೇಕೆಂಬ ಅವರ ಯೋಜನೆಯ ಫಲವಾಗಿ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಸಿದ್ಧವಾದವು. ಮೂಸಿಯ ಉಪದ್ರವ ತಗ್ಗಿತು. ಆದರೆ ನಗರದೊಳಗಿನ ನೂರಾರು ಕೆರೆಗಳು ಮತ್ತು ಅವುಗಳನ್ನು ಜೋಡಿಸುವ ಕಾಲುವೆಗಳ ಮೇಲೆ ಕಟ್ಟಡಗಳು ಎದ್ದ ನಂತರ, ನದಿ ಉಕ್ಕದಿದ್ದರೂ ಬಡಾವಣೆಗಳು ಮುಳುಗುವ ಸ್ಥಿತಿ ಒದಗಿದೆ.

2020ರ ಅಕ್ಟೋಬರ್ 13 ಮತ್ತು 14ರಂದು ನಗರದಲ್ಲಿ 24 ಗಂಟೆಗಳ ಅವಧಿಯಲ್ಲಿ ಸುಮಾರು 190 ಮಿಲಿಮೀಟರ್ ಮಳೆ ಸುರಿಯಿತು. ಟೋಲಿಚೌಕಿಯ ನದೀಮ್ ಕಾಲನಿ, ಚಾಂದ್ರಾಯಣಗುಟ್ಟದ ಅಲ್ ಜುಬೈಲ್ ಕಾಲನಿ ಮುಂತಾದೆಡೆ ಮನೆಗಳ ನೆಲಅಂತಸ್ತುಗಳೇ ಜಲಾವೃತವಾದವು. ರಸ್ತೆಗಳಲ್ಲಿ ಕಾರುಗಳು ತೇಲಿಹೋದವು. ಸೆಲ್ಲಾರ್ ಎಂದು ಅಲ್ಲಿನವರು ಕರೆಯುವ, ವಸತಿ ಸಮುಚ್ಚಯಗಳ ನೆಲಮಾಳಿಗೆಗಳಲ್ಲಿ ನಿಲ್ಲಿಸಿದ್ದ ವಾಹನಗಳು ನಿಂತಲ್ಲೇ ಮುಳುಗಿದವು.

ಇಂತಹ ಸಂದರ್ಭದಲ್ಲಿ ಆಗುವ ಹಾನಿಯ ದೊಡ್ಡ ಪಾಲು ನೀರಿನಿಂದ ಆಗುವುದಲ್ಲ, ನೀರು ಇಳಿದ ಮೇಲೆ ಮಾಲೀಕನು ಕೀಲಿ ತಿರುಗಿಸುವುದರಿಂದ ಆಗುವುದು. ಇದರ ಕಾರಣವನ್ನು ತಿಳಿದಿರುವುದು ಒಳ್ಳೆಯದು. ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಮೇಲೇರುವಾಗ ಅಲ್ಲಿರುವ ಗಾಳಿಯನ್ನು ಅದು ಸುಮಾರು ಹತ್ತನೆಯ ಒಂದು ಭಾಗಕ್ಕೆ, ಡೀಸೆಲ್ ಆದರೆ ಇನ್ನೂ ಹೆಚ್ಚು, ಒತ್ತುತ್ತದೆ. ಗಾಳಿ ಅದುಮಲ್ಪಡುತ್ತದೆ, ನೀರು ಅದುಮಲ್ಪಡುವುದಿಲ್ಲ. ಗಾಳಿಯ ದಾರಿಯಿಂದ ಒಂದು ಲೋಟದಷ್ಟು ನೀರು ಒಳಸೇರಿದ್ದರೂ ಮೇಲೇರುವ ಪಿಸ್ಟನ್ ಬಂಡೆಗೆ ಬಡಿದಂತೆ ನಿಲ್ಲುತ್ತದೆ. ಅದನ್ನು ತಳ್ಳುವ ಉಕ್ಕಿನ ದಂಡ ಬಾಗುತ್ತದೆ, ಕೆಲವೊಮ್ಮೆ ಮುರಿದು ಎಂಜಿನ್ನಿನ ಗೋಡೆಯನ್ನೇ ಸೀಳುತ್ತದೆ. ಕೆಲವು ಸಾವಿರ ರೂಪಾಯಿಗಳ ಒಣಗಿಸುವಿಕೆ ಮತ್ತು ಎಣ್ಣೆ ಬದಲಾವಣೆಯಲ್ಲಿ ಮುಗಿಯಬಹುದಾಗಿದ್ದ ಕೆಲಸವು ಲಕ್ಷಗಳಿಗೆ ಏರುವುದು ಈ ಒಂದು ಕ್ಷಣದಲ್ಲಿ.

ಆದ್ದರಿಂದ ನೀರು ಹೊಕ್ಕ ವಾಹನವನ್ನು ಯಾವ ಕಾರಣಕ್ಕೂ ಚಾಲೂ ಮಾಡಬಾರದು, ತಳ್ಳಿ ಸ್ಟಾರ್ಟ್ ಮಾಡಲೂ ಬಾರದು. ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಕಾಣುವಂತೆ ಛಾಯಾಚಿತ್ರಗಳನ್ನು ತೆಗೆದುಕೊಂಡು, ಸುರಕ್ಷಿತವೆನಿಸಿದರೆ ಬ್ಯಾಟರಿಯ ಋಣ ತಂತಿಯನ್ನು ಕಳಚಿ, ವಿಮಾ ಸಂಸ್ಥೆಗೆ ತಿಳಿಸಿ, ವಾಹನವನ್ನು ಇಡಿಯಾಗಿ ಹೊತ್ತೊಯ್ಯುವ ಗಾಡಿಯಲ್ಲಿ ಸಾಗಿಸಬೇಕು. ವಿದ್ಯುಚ್ಚಾಲಿತ ವಾಹನವಾದರೆ ಮಾಲೀಕನು ಅದರ ಬಳಿಗೆ ಹೋಗದೆ ತಯಾರಕರ ಸಹಾಯವಾಣಿಗೇ ಕರೆಮಾಡತಕ್ಕದ್ದು. ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಂತಿಕ ವಿದ್ಯುತ್ತಿರುತ್ತದೆ.

ವಿಮೆಯ ಬಗ್ಗೆಯೂ ಒಂದು ಮಾತು ಅಗತ್ಯ. ಮೂರನೆಯ ವ್ಯಕ್ತಿಯ ಹಾನಿಗೆ ಮಾತ್ರ ಸಂಬಂಧಿಸಿದ ಕಡ್ಡಾಯ ವಿಮೆಯಲ್ಲಿ ನೆರೆಯ ನಷ್ಟಕ್ಕೆ ಪರಿಹಾರವಿಲ್ಲ. ಸಮಗ್ರ ವಿಮೆಯಲ್ಲಿ ನೆರೆಯ ಹಾನಿ ಸೇರುತ್ತದೆ. ಆದರೆ ನೀರು ಹೊಕ್ಕ ನಂತರ ಚಾಲೂ ಮಾಡಿದ್ದರಿಂದ ಎಂಜಿನ್ ಮುರಿದರೆ ಅದನ್ನು ನೆರೆಯ ನೇರ ಪರಿಣಾಮವಲ್ಲ, ತದನಂತರದ ನಷ್ಟವೆಂದು ಪರಿಗಣಿಸಿ ಬೇಡಿಕೆಯನ್ನು ನಿರಾಕರಿಸುವುದುಂಟು. ಇದಕ್ಕಾಗಿ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನು ಪಡೆಯಬಹುದು. ಸಾಮಾನ್ಯವಾಗಿ ಹೆಚ್ಚು ಹಳೆಯದಾಗದ ವಾಹನಗಳಿಗಷ್ಟೇ ಅದು ದೊರೆಯುತ್ತದೆ. ಅಲ್ಲದೆ ರಬ್ಬರ್, ಪ್ಲಾಸ್ಟಿಕ್, ಟೈರು ಮತ್ತು ಬ್ಯಾಟರಿಗಳ ಬೆಲೆಯಲ್ಲಿ ಶೇಕಡಾ 50ರಷ್ಟನ್ನು ಸವಕಳಿಯೆಂದು ಕಳೆಯಲಾಗುತ್ತದೆ. ಪ್ಲಾಸ್ಟಿಕ್ಕೇ ಹೆಚ್ಚಾಗಿರುವ ಇಂದಿನ ವಾಹನಗಳಲ್ಲಿ ಇದು ಸಣ್ಣ ಮೊತ್ತವಲ್ಲ. ಕೆರೆಯ ತಗ್ಗಿನಲ್ಲಿ ವಾಸಿಸುವವರು ಜೂನ್ ತಿಂಗಳಿಗೆ ಮುನ್ನ ತಮ್ಮ ವಿಮಾಪತ್ರವನ್ನು ಒಮ್ಮೆ ಓದಿ ನೋಡುವುದು ಲೇಸು.

ಹರಿಯುವ ನೀರಿಗೆ ವಾಹನವನ್ನು ಇಳಿಸುವ ಸಾಹಸವು ಹಣದ ನಷ್ಟಕ್ಕೆ ನಿಲ್ಲುವುದಿಲ್ಲ. ಸುಮಾರು ಎರಡು ಅಡಿ ಆಳದ ಹರಿಯುವ ನೀರು ಇಂತಹ ವಾಹನವನ್ನು ಎತ್ತಿ ಒಯ್ಯಬಲ್ಲದು. ಏಕೆಂದರೆ ಬಾಗಿಲು ಮುಚ್ಚಿದ ವಾಹನವು ಸ್ವಲ್ಪ ಹೊತ್ತು ದೋಣಿಯಂತೆ ತೇಲುತ್ತದೆ, ಚಕ್ರಗಳಿಗೆ ನೆಲದ ಹಿಡಿತ ತಪ್ಪುತ್ತದೆ. ಸಂಜೆಗತ್ತಲಲ್ಲಿ ರೈಲು ಸೇತುವೆಯ ಕೆಳಗಿನ ದಾರಿಯಲ್ಲಿ ನಿಂತ ನೀರಿನ ಆಳವನ್ನು ಆಸನದಲ್ಲಿ ಕುಳಿತು ಅಳೆಯಲಾಗದು. ಮುಂದಿನ ವಾಹನ ದಾಟಿತೆಂಬುದೂ ಪ್ರಮಾಣವಲ್ಲ. ಅದರ ಗಾಳಿಯ ದಾರಿ ಎಷ್ಟು ಎತ್ತರದಲ್ಲಿದೆಯೋ ತಿಳಿಯದು. ನೀರಿನ ನಡುವೆ ವಾಹನ ನಿಂತುಹೋದರೆ ಕೂಡಲೇ ಸೀಟ್ ಬೆಲ್ಟ್ ಕಳಚಿ, ವಿದ್ಯುತ್ ಇರುವಾಗಲೇ ಕಿಟಕಿಯ ಗಾಜು ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ಕಳುಹಿಸಬೇಕು. ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯದಿರಬಹುದು.

ಮುಳುಗಿದ ವಾಹನಗಳಲ್ಲಿ ಕೆಲವು ಶುಚಿಗೊಂಡು ಬಣ್ಣ ಹೊಡೆಸಿಕೊಂಡು ಮರುಮಾರಾಟಕ್ಕೆ ಬರುತ್ತವೆ. ಹೈದರಾಬಾದಿನಿಂದ ಹಳೆಯ ವಾಹನಗಳನ್ನು ಕೊಂಡೊಯ್ಯುವ ಕಲ್ಯಾಣ ಕರ್ನಾಟಕದ ಖರೀದಿದಾರರು ಇದನ್ನು ಗಮನದಲ್ಲಿಡಬೇಕು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಅದರ ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ತೊಳೆಯುವವರು ಅಲ್ಲಿಯವರೆಗೆ ಹೋಗುವುದಿಲ್ಲ. ಆಸನಗಳ ಹಳಿಗಳಲ್ಲಿ ತುಕ್ಕು, ದೀಪಗಳ ಗಾಜಿನೊಳಗೆ ಮಂಜು, ಹೆಚ್ಚುವರಿ ಚಕ್ರದ ಗುಳಿಯಲ್ಲಿ ಒಂಡು, ನೆಲಹಾಸಿನ ಕೆಳಗೆ ಬೂಸಲು ವಾಸನೆ ಇವು ಇತರ ಗುರುತುಗಳು. ಹಿಂದಿನ ವಿಮಾ ಬೇಡಿಕೆಗಳ ವಿವರವನ್ನು ಮಾರುವವರಿಂದ ಬರಹದಲ್ಲಿ ಪಡೆಯಬೇಕು. ವಾಹನವನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಳ್ಳುವುದಾದರೆ, ತೆಲಂಗಾಣದ ನೋಂದಣಿ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಮರುನೋಂದಣಿ ಮಾಡಿಸುವುದು ಮೋಟಾರು ವಾಹನ ಕಾಯಿದೆಯನ್ವಯ ಕಡ್ಡಾಯ. ಆ ವೆಚ್ಚವನ್ನೂ ಇಲ್ಲಿ ಕಟ್ಟಬೇಕಾದ ತೆರಿಗೆಯನ್ನೂ ಬೆಲೆ ಕುದುರಿಸುವ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.